14 ತಿಂಗಳಾದರೂ ಮಗಳು ನಡೆಯುತ್ತಿಲ್ಲ. ಇದನ್ನು ಅಳೆಯುವುದು ಹೇಗೆ?

ಗುಬ್ಬಚ್ಚಿ ಅಮ್ಮ · ಭಾನುವಾರ, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಪೋಸ್ಟ್. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳಿಗೆ 14 ತಿಂಗಳು. ಇನ್ನೂ ನಡೆಯುತ್ತಿಲ್ಲ. ದಿವಾನ ಹಿಡಿದು ಎದ್ದು ನಿಲ್ಲುತ್ತಾಳೆ. ಹಿಡಿದುಕೊಂಡೇ ಪಕ್ಕಕ್ಕೆ ನಾಲ್ಕು ಹೆಜ್ಜೆ ಹೋಗುತ್ತಾಳೆ. ಕೈ ಬಿಟ್ಟರೆ ಧಪ್ ಅಂತ ಕೂತುಬಿಡುತ್ತಾಳೆ. ನಾದಿನಿಯ ಮಗ ಹತ್ತು ತಿಂಗಳಿಗೇ ನಡೆದಿದ್ದನಂತೆ. ಹಾಗಾಗಿ ಮನೆಗೆ ಬಂದವರ ಮೊದಲ ಮಾತೇ "ಇನ್ನೂ ನಡೆಯಲ್ವಾ?" ಹೋದ ವಾರ ಒಂದು ನಾಮಕರಣಕ್ಕೆ ಹೋಗಿದ್ದೆವು. ಅಲ್ಲೊಬ್ಬರು ಇವಳನ್ನು ಎತ್ತಿ ನಿಲ್ಲಿಸಿ, ತೊಡೆ ಒತ್ತಿ ನೋಡಿ, "ಬಾಣಂತನದಲ್ಲಿ ಎಣ್ಣೆ ಸರಿಯಾಗಿ ತಿಕ್ಕಿಲ್ಲ" ಅಂದರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಡಾಕ್ಟರಿಗೆ ತೋರಿಸಿದೆವು. ಇವಳು ಅಳುತ್ತಿದ್ದಳು, ಅವರು ಎರಡು ನಿಮಿಷ ನೋಡಿ "ಕೆಲವು ಮಕ್ಕಳು ನಿಧಾನ, ಕಾಯಿರಿ" ಅಂದರು. ಎಷ್ಟು ದಿನ ಕಾಯುವುದು ಅಂತ ಹೇಳಲಿಲ್ಲ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಪಟ್ಟಿ.

ಬೇರೆ ಎಲ್ಲದರಲ್ಲೂ ಚುರುಕು. ಕರೆದರೆ ತಿರುಗುತ್ತಾಳೆ. ಅಪ್ಪ, ಅಮ್ಮ, ಬೌಬೌ ಅನ್ನುತ್ತಾಳೆ. ಅವರ ತಾತನ ಹಾಗೆ ಎಡಚಿ. ಏಳೆಂಟು ತಿಂಗಳಿಂದಲೇ ಎಲ್ಲದಕ್ಕೂ ಎಡಗೈ. ನೆಲದ ಮೇಲೆ ಒಂದು ಸಾಸಿವೆ ಬಿದ್ದಿದ್ದರೂ ಎಡಗೈಯಲ್ಲಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅದನ್ನು ನೋಡಿ ತಾತನಿಗೆ ಎಲ್ಲಿಲ್ಲದ ಹೆಮ್ಮೆ.

ನನ್ನ ಪ್ರಶ್ನೆ ಇಷ್ಟೇ. ಮಕ್ಕಳ ಕೈಕಾಲಿನ ಬೆಳವಣಿಗೆಯನ್ನು ಸರಿಯಾಗಿ ಅಳೆಯುವುದು ಹೇಗೆ? ಯಾರು ಅಳೆಯುತ್ತಾರೆ? ನಾವಿರುವುದು ಚಿತ್ರದುರ್ಗದ ಕಡೆ ಒಂದು ತಾಲ್ಲೂಕಿನಲ್ಲಿ. ಬೆಂಗಳೂರಿಗೇ ಹೋಗಬೇಕಾ?

ಅಡಿಕೆ ತೋಟ · ರಾತ್ರಿ 11:05

ನನ್ನ ಮಗ 16 ತಿಂಗಳಿಗೆ ನಡೆದ. ಈಗ ಅವನನ್ನು ಹಿಡಿಯುವುದಕ್ಕೆ ಇಬ್ಬರು ಬೇಕು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಮಂಡಿನೋವು ಅಜ್ಜಿ · ರಾತ್ರಿ 11:20

ಎಣ್ಣೆ ಮಾತಿಗೆಲ್ಲ ಅಳಬೇಡ ಮಗಳೇ. ನಾಲ್ಕು ಮಕ್ಕಳು, ಆರು ಮೊಮ್ಮಕ್ಕಳಿಗೆ ಎರೆದ ಕೈ ನನ್ನದು. ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರೆ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ. ಅಮ್ಮನಿಗೂ ಎರಡು ಗಂಟೆ ಬಿಡುವು. ಅಷ್ಟೇ ಅದರ ಲಾಭ. ಒಂದೇ ಎಣ್ಣೆ, ಒಂದೇ ಹಂಡೆ ನೀರು. ಆದರೂ ನನ್ನ ದೊಡ್ಡವಳು ವರ್ಷ ತುಂಬುವ ಮೊದಲೇ ನಡೆದಳು, ಚಿಕ್ಕವನು ಒಂದೂವರೆ ವರ್ಷ ಕುಂಡಿಯಲ್ಲೇ ಸರಿದಾಡಿದ. ಈಗ ಅವನು ಲೈನ್‌ಮನ್, ಕಂಬ ಹತ್ತುತ್ತಾನೆ.

ಸೋಸಿದ ಕಾಫಿ · ಸೋಮವಾರ, ಬೆಳಗ್ಗೆ 6:40

ಅಜ್ಜಿ ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳಲ್ಲಿ 816 ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿತ್ತು. ನಮ್ಮ ದೇಶದ ಮಕ್ಕಳು ದೆಹಲಿಯವರು. ತರಬೇತಿ ಪಡೆದವರು ನಾಲ್ಕನೇ ತಿಂಗಳಿಂದ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ಹೋಗಿ ನೋಡುತ್ತಿದ್ದರು. 2006ರಲ್ಲಿ ಫಲಿತಾಂಶ ಬಂತು. ಯಾವ ತಿಂಗಳಿಗೆ ಏನು ಮಾಡಬೇಕು ಅಂತ ಒಂದೇ ಅಂಕಿ ಕೊಡದೆ, ಒಂದೊಂದಕ್ಕೂ ಒಂದು ಕಿಟಕಿ, ಅಂದರೆ ಇಷ್ಟರಿಂದ ಇಷ್ಟು ಅನ್ನುವ ಅವಧಿ ಕೊಟ್ಟರು:

ಆಧಾರ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳು. ಅಂಬೆಗಾಲು 5.2ರಿಂದ 13.5. ಏನನ್ನೂ ಹಿಡಿಯದೆ ನಿಲ್ಲುವುದು 6.9ರಿಂದ 16.9. ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳು.

ನಡಿಗೆಯ ಕಿಟಕಿ ಎಷ್ಟು ಅಗಲ ನೋಡಿ. ನಾದಿನಿಯ ಮಗನೂ ಅದರ ಒಳಗೇ, ನಿಮ್ಮ ಮಗಳೂ ಒಳಗೇ.

ಇನ್ನೊಂದು ಮಾತು. "ನಡೆದ" ಅಂದರೆ ಏನು ಅಂತಲೂ ಅವರು ಗೆರೆ ಎಳೆದಿದ್ದರು. ಬೆನ್ನು ನೆಟ್ಟಗೆ, ಯಾರನ್ನೂ ಹಿಡಿಯದೆ, ಕನಿಷ್ಠ ಐದು ಹೆಜ್ಜೆ. ನಮ್ಮ ಮನೆಗಳಲ್ಲಿ ಅಮ್ಮನ ಕೈಯಿಂದ ಅಪ್ಪನ ಕೈಗೆ ಎರಡು ಹೆಜ್ಜೆ ಬಿದ್ದುಕೊಂಡು ಹೋದರೂ "ನಡೆದ" ಅಂತ ಫೋನ್ ಹೋಗುತ್ತದೆ. ನಾದಿನಿಯವರನ್ನು ಹತ್ತು ತಿಂಗಳ ವಿಡಿಯೋ ಕೇಳಿ ನೋಡಿ. ತಮಾಷೆಗೆ ಹೇಳಿದೆ, ಕೇಳಬೇಡಿ.

ಬೇ ಏರಿಯಾ ಅಪ್ಪ · ಬೆಳಗ್ಗೆ 8:15

ಇಲ್ಲಿ ಅಮೆರಿಕದಲ್ಲಿ ಸಿಡಿಸಿ ಅನ್ನುವ ಸರ್ಕಾರಿ ಆರೋಗ್ಯ ಸಂಸ್ಥೆಯ ಪಟ್ಟಿ ಇದೆ. 2022ರಲ್ಲಿ ಬದಲಾಯಿಸಿದರು. 15 ತಿಂಗಳಿಗೆ ತಾನಾಗಿ ಕೆಲವು ಹೆಜ್ಜೆ, 18 ತಿಂಗಳಿಗೆ ಯಾರನ್ನೂ ಯಾವುದನ್ನೂ ಹಿಡಿಯದೆ ನಡಿಗೆ. ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದುಹಾಕಿದ್ದಾರೆ. ಹಾಗಾಗಿ ಇನ್ನೊಂದು ತಿಂಗಳು ನೋಡಿ, ಆಮೇಲೆ ಚಿಂತೆ ಮಾಡಿ ಅಂತ ನನ್ನ ಅಭಿಪ್ರಾಯ.

ಸೋಸಿದ ಕಾಫಿ · ಬೆಳಗ್ಗೆ 8:31

ಸರ್, ಎರಡು ಪಟ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಸಿಡಿಸಿಯದು ನೂರಕ್ಕೆ 75 ಮಕ್ಕಳು ಮಾಡಿರುವ ವಯಸ್ಸು. ಡಬ್ಲ್ಯುಎಚ್‌ಒ ಕಿಟಕಿಯ ಕೊನೆ ನೂರಕ್ಕೆ 99 ಮಕ್ಕಳು ಮುಗಿಸಿರುವ ವಯಸ್ಸು. ಅದಕ್ಕೇ ಗುಬ್ಬಚ್ಚಿ ಅಮ್ಮನಿಗೆ ಒಂದೊಂದು ಕಡೆ ಒಂದೊಂದು ಅಂಕಿ ಕಂಡಿದ್ದು. ಮೊದಲನೆಯದು "ಡಾಕ್ಟರ ಹತ್ತಿರ ಮಾತಾಡಿ" ಅನ್ನುವುದಕ್ಕೆ, ಎರಡನೆಯದು "ಇದರಾಚೆ ತೀರಾ ಅಪರೂಪ" ಅನ್ನುವುದಕ್ಕೆ.

ಪಿಟಿ ಮೇಷ್ಟ್ರು · ಬೆಳಗ್ಗೆ 9:50

ಅಂಬೆಗಾಲು ತೆಗೆದಿದ್ದು ನನಗೆ ಇಷ್ಟ ಆಗಲಿಲ್ಲ. ಅಂಗೈ ಮೇಲೆ ಭಾರ ಹಾಕುವುದು, ಎಡಗೈ ಬಲಗಾಲು ಜೋಡಿಯಾಗಿ ಮುಂದೆ ಹೋಗುವುದು, ಇದೆಲ್ಲ ಅಲ್ಲೇ ಅಲ್ವಾ ಶುರುವಾಗುವುದು?

ಸೋಸಿದ ಕಾಫಿ · ಬೆಳಗ್ಗೆ 10:02

ಮೇಷ್ಟ್ರೇ, ಆ 816 ಮಕ್ಕಳಲ್ಲಿ ಸುಮಾರು ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಆದರೂ ನಡೆದರು. ಲೈನ್‌ಮನ್ ಮಾಮನ ಜಾತಿಯವರು.

ಫಿಸಿಯೋ ಅಕ್ಕ · ಮಧ್ಯಾಹ್ನ 1:35

ಗುಬ್ಬಚ್ಚಿ ಅಮ್ಮ, ನಾನು ಮಕ್ಕಳ ಫಿಸಿಯೋಥೆರಪಿಸ್ಟ್. 14 ತಿಂಗಳಿಗೆ ನಡೆಯದಿರುವುದು ನನಗೆ ಅಷ್ಟು ಚಿಂತೆಯ ವಿಷಯ ಅಲ್ಲ. ಆದರೆ ನಿಮ್ಮ ಪೋಸ್ಟಿನಲ್ಲಿ ನೀವು ಖುಷಿಯಿಂದ ಬರೆದ ಒಂದು ಮಾತು ನನ್ನನ್ನು ನಿಲ್ಲಿಸಿತು. ಅದಕ್ಕೆ ಮೊದಲು ನಾಲ್ಕು ಪ್ರಶ್ನೆ:

ಮಗು ಎಷ್ಟು ವಾರಕ್ಕೆ ಹುಟ್ಟಿತು? ಎಡಗೈಯನ್ನು ನೀವು ಮೆಲ್ಲಗೆ ಹಿಡಿದುಕೊಂಡು, ಬಲಗಡೆ ಒಂದು ಆಟಿಕೆ ಇಟ್ಟರೆ ಬಲಗೈ ಚಾಚುತ್ತಾಳಾ, ಅಥವಾ ಎಡಗೈ ಬಿಡಿಸಿಕೊಳ್ಳಲು ಒದ್ದಾಡುತ್ತಾಳಾ? ಸುಮ್ಮನಿದ್ದಾಗ ಬಲಗೈ ಬಿಚ್ಚಿರುತ್ತದಾ, ಮುಷ್ಟಿಯಾ? ತೆವಳುವಾಗ ಅಥವಾ ಅಂಬೆಗಾಲಿಡುವಾಗ ಎರಡೂ ಕಾಲು ಒಂದೇ ಥರ ಹೋಗುತ್ತವಾ?

ಹಾಗೇ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಇಲ್ಲಿ ಹಾಕಬೇಡಿ, ಡಾಕ್ಟರಿಗೆ ತೋರಿಸಲು. ಸಾಕ್ಸ್, ಡೈಪರ್ ಬಿಚ್ಚಿ. ಹೊಟ್ಟೆ ತುಂಬಿ ಆಟದ ಮೂಡಿನಲ್ಲಿದ್ದಾಗ ತೆಗೆಯಿರಿ. ಗ್ರಾನೈಟ್ ಮೇಲೆ ಬೇಡ, ಜಾರುತ್ತದೆ. ಚಾಪೆ ಅಥವಾ ಜಮಖಾನ ಹಾಸಿ. ಮುಂದಿನಿಂದ ಒಂದು, ಹಿಂದಿನಿಂದ ಒಂದು.

ಗುಬ್ಬಚ್ಚಿ ಅಮ್ಮ · ರಾತ್ರಿ 9:18

ಅಕ್ಕ, ಕೈ ನಡುಗುತ್ತಿದೆ ಬರೆಯುವಾಗ.

33 ವಾರಕ್ಕೆ ಹುಟ್ಟಿದ್ದು. 19 ದಿನ ಹಸುಗೂಸುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿದ್ದಳು. ಇದನ್ನು ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಈಗ ತೂಕ ಎಲ್ಲ ಸರಿಹೋಗಿದೆಯಲ್ಲ ಅಂದುಕೊಂಡಿದ್ದೆ.

ಎಡಗೈ ಹಿಡಿದರೆ ಅಳುತ್ತಾಳೆ, ಬಿಡಿಸಿಕೊಳ್ಳಲು ನೋಡುತ್ತಾಳೆ. ಬಲಗೈ ಚಾಚಲಿಲ್ಲ. ಮೂರು ಸಲ ಮಾಡಿದೆ. ಬಲಗೈ ಪೂರ್ತಿ ಮುಷ್ಟಿ ಅಲ್ಲ, ಆದರೆ ಹೆಬ್ಬೆರಳು ಒಳಗೆ ಮಡಚಿಕೊಂಡಿರುತ್ತದೆ. ಹೊಟ್ಟೆ ಎತ್ತಿಯೇ ಹೋಗುತ್ತಾಳೆ, ಆದರೆ ಬಲಗಾಲನ್ನು ಸ್ವಲ್ಪ ಎಳೆದುಕೊಂಡ ಹಾಗೆ.

ಕಾಲಿನ ವಿಷಯ ಹೇಳಿದ್ದು ನಮ್ಮ ಅತ್ತೆ. ನಾನು ಕೇಳಿದ ತಕ್ಷಣ, "ಅವಳ ಎಡಗಾಲಿನ ಗೆಜ್ಜೆ ಘಲ್ ಅನ್ನುತ್ತದೆ, ಬಲಗಾಲಿನದು ಸರ್ ಅಂತ ಉಜ್ಜುತ್ತದೆ. ನಾನು ಒಲೆ ಮುಂದೆ ಕೂತೇ ಗೊತ್ತು ಮಾಡಿಕೊಳ್ಳುತ್ತೇನೆ. ಗೆಜ್ಜೆ ಕೊಂಡಿ ಸಡಿಲ ಅಂತಿದ್ದೆ" ಅಂದರು. ಎರಡು ತಿಂಗಳಿಂದ ಅವರಿಗೆ ಗೊತ್ತಿತ್ತು.

ಅಡಿಕೆ ತೋಟ · ರಾತ್ರಿ 9:40

ಫಿಸಿಯೋ ಮೇಡಂ, ಸ್ವಲ್ಪ ನಿಧಾನ. ಎಡಚ ಆಗಿರುವುದು ರೋಗ ಅಲ್ಲ. ನಾನೂ ಎಡಚನೇ. ಶಾಲೆಯಲ್ಲಿ ಎಡಗೈಗೆ ಏಟು ತಿಂದು ಬಲಗೈಯಲ್ಲಿ ಬರೆಯಲು ಕಲಿತವನು. ಪಾಪ ಆ ತಾಯಿಯನ್ನು ಯಾಕೆ ಹೆದರಿಸುತ್ತೀರಿ?

ಫಿಸಿಯೋ ಅಕ್ಕ · ರಾತ್ರಿ 10:55

ಅಡಿಕೆ ತೋಟ ಸರ್, ನಿಮ್ಮ ಸಿಟ್ಟು ಸರಿಯೇ. ಎಡಚ ಆಗಿರುವುದು ರೋಗ ಅಲ್ಲ. ನನ್ನ ತಂಗಿಯೂ ಎಡಚಿ. ಆದರೆ ವರ್ಷದೊಳಗಿನ ಮಗು ಎಡಚ ಆಗಿರುವುದಿಲ್ಲ, ಬಲಚನೂ ಆಗಿರುವುದಿಲ್ಲ. ಆ ವಯಸ್ಸಿನಲ್ಲಿ ಯಾವ ಕೈ ಹತ್ತಿರವೋ ಆ ಕೈ. ಒಂದು ಕೈಯ ಒಲವು ಗಟ್ಟಿಯಾಗಿ ಕಾಣುವುದು ಆಮೇಲೆ, ನಿಧಾನವಾಗಿ. ಏಳೆಂಟು ತಿಂಗಳ ಮಗು ಒಂದೇ ಕೈ ಬಳಸಿದರೆ ನಾವು ಆ ಕೈಯನ್ನು ನೋಡುವುದಿಲ್ಲ. ಇನ್ನೊಂದು ಕೈ ಯಾಕೆ ಸುಮ್ಮನಿದೆ ಅಂತ ನೋಡುತ್ತೇವೆ.

ಗುಬ್ಬಚ್ಚಿ ಅಮ್ಮ, ಪರದೆಯ ಮೇಲೆ ನಾನು ಏನನ್ನೂ ತೀರ್ಮಾನ ಮಾಡಲಾರೆ, ಮಾಡಲೂ ಬಾರದು. ನೀವು ಕೇಳಿದ ಪ್ರಶ್ನೆಗೆ, ಅಳೆಯುವುದು ಹೇಗೆ ಅನ್ನುವುದಕ್ಕೆ ಉತ್ತರ ಹೇಳುತ್ತೇನೆ.

ಮೊದಲು ವಯಸ್ಸನ್ನೇ ಸರಿಯಾಗಿ ಲೆಕ್ಕ ಹಾಕಬೇಕು. 40 ವಾರಕ್ಕೆ ಹುಟ್ಟಬೇಕಾದವಳು 33ಕ್ಕೆ ಬಂದಳು. ಏಳು ವಾರ ಕಳೆಯಿರಿ. ಅವಳಿಗೆ ಈಗ ಸುಮಾರು ಹನ್ನೆರಡೂವರೆ ತಿಂಗಳು. ಎರಡು ವರ್ಷ ಆಗುವ ತನಕ ನಾವು ಈ ತಿದ್ದಿದ ವಯಸ್ಸನ್ನೇ ಇಟ್ಟುಕೊಂಡು ನೋಡುತ್ತೇವೆ. ಮೇಲೆ ಹೇಳಿದ ಡಬ್ಲ್ಯುಎಚ್‌ಒ ಅಧ್ಯಯನದಲ್ಲಿ ಇದ್ದವರೂ ತಿಂಗಳು ತುಂಬಿ ಹುಟ್ಟಿದ ಮಕ್ಕಳೇ. ಹಾಗಾಗಿ ನಡಿಗೆ ತಡ ಆಗಿಲ್ಲ. ನಾಮಕರಣದಲ್ಲಿ ತೊಡೆ ಒತ್ತಿದವರಿಗೆ ಇದನ್ನು ಹೇಳಿ.

ಎರಡನೆಯದೇ ಮುಖ್ಯ. ಪಟ್ಟಿ ಕೇಳುವುದು "ಮಾಡಿದಳಾ ಇಲ್ಲವಾ" ಅಂತ. ನಾವು ಕೇಳುವುದು "ಹೇಗೆ ಮಾಡಿದಳು" ಅಂತ. ಕಡಲೆಪುರಿ ಎತ್ತಿದಳು, ಟಿಕ್. ಆದರೆ ಯಾವ ಕೈಯಲ್ಲಿ? ಎದ್ದು ನಿಂತಳು, ಟಿಕ್. ಆದರೆ ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ಊರಿದವಾ, ಒಂದು ತುದಿಗಾಲಾ? ಒಂದು ಕೈಯಲ್ಲೇ ಎಲ್ಲ ಕೆಲಸ ಮುಗಿಸುವ ಮಗು ಹಾಳೆಯ ಮೇಲೆ ಪೂರ್ತಿ ಅಂಕ ತೆಗೆದು ಮನೆಗೆ ಹೋಗಬಹುದು. ಅಂಥ ಮಕ್ಕಳು ನಮ್ಮ ಹತ್ತಿರ ಮೂರು ವರ್ಷಕ್ಕೆ ಬರುತ್ತಾರೆ. ಅಷ್ಟು ಹೊತ್ತಿಗೆ ಬಳಸದ ಕೈಯನ್ನು ಮಗು ಮರೆತೇ ಬಿಟ್ಟಿರುತ್ತದೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಎನ್‌ಐಸಿಯು, ಬೇಗ ಒಂದೇ ಕೈ ಬಳಸಲು ಶುರು ಮಾಡಿದ್ದು, ಬಳಸದ ಕೈಯ ಬದಿಯ ಕಾಲು ಎಳೆಯುವುದು. ನಾಲ್ಕೂ ಸೇರಿದಾಗ ಕಾಯಬಾರದು. ಏನೂ ಇಲ್ಲದಿದ್ದರೆ ಒಂದು ದಿನದ ಬಸ್ ಚಾರ್ಜ್ ಹೋಯಿತು ಅಷ್ಟೇ. ಬಲಗಡೆಯ ಕೈಕಾಲನ್ನು ನಡೆಸುವುದು ಮೆದುಳಿನ ಎಡಭಾಗ. ಅಲ್ಲಿ ಏನಾದರೂ ಸಣ್ಣ ತೊಂದರೆ ಆಗಿದ್ದರೆ ಈ ವಯಸ್ಸಿನಲ್ಲಿ ಕೆಲಸ ಶುರು ಮಾಡಿದಷ್ಟು ಲಾಭ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಗೆಜ್ಜೆ ಕೇಳಿ ಎರಡು ಬದಿಯ ವ್ಯತ್ಯಾಸ ಹಿಡಿದವರನ್ನು ನಾನು ಇನ್ನೂ ನೋಡಿರಲಿಲ್ಲ.

ಅಡಿಕೆ ತೋಟ · ರಾತ್ರಿ 11:10

ಒಪ್ಪಿದೆ ಮೇಡಂ. ಈ ವಿಷಯ ಗೊತ್ತಿರಲಿಲ್ಲ. ತಂಗಿ, ಹೋಗಿ ತೋರಿಸಿ.

ಅಂಗನವಾಡಿ ಟೀಚರ್ · ಮಂಗಳವಾರ, ಬೆಳಗ್ಗೆ 7:05

ಬೆಂಗಳೂರಿಗೆ ಹೋಗುವ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆ ನೋಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಯಿತು. ನಾವೆಲ್ಲ ಆರ್‌ಬಿಎಸ್‌ಕೆ ಅನ್ನುತ್ತೇವೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ. ಅವರ ತಂಡ ಗಾಡಿಯಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಬೆಳವಣಿಗೆ ತಡ ಇರುವುದೂ ಅವರು ನೋಡುವ ಪಟ್ಟಿಯಲ್ಲಿದೆ. ಅನುಮಾನ ಬಂದ ಮಕ್ಕಳನ್ನು ಜಿಲ್ಲೆಯ ಡಿಇಐಸಿಗೆ, ಅಂದರೆ ಇಂಥ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ಮಕ್ಕಳ ಡಾಕ್ಟರ್, ಫಿಸಿಯೋ ಎಲ್ಲ ಒಂದೇ ಕಡೆ ನೋಡುವ ವ್ಯವಸ್ಥೆ. ದುಡ್ಡು ಇಲ್ಲ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾವ ದಿನ ಯಾರು ಇರುತ್ತಾರೆ ಅಂತ ಫೋನ್ ಮಾಡಿ ತಿಳಿದುಕೊಂಡೇ ಹೋಗಿ. ತಾಯಿ ಕಾರ್ಡ್ ಮತ್ತು ಎನ್‌ಐಸಿಯು ಡಿಸ್ಚಾರ್ಜ್ ಚೀಟಿ ಮರೆಯಬೇಡಿ.

ಒಂದು ಒಪ್ಪಿಕೊಳ್ಳುತ್ತೇನೆ. ತೂಕದ ದಿನ ನಮ್ಮಲ್ಲಿ 30 ಮಕ್ಕಳು, ರಿಜಿಸ್ಟರ್, ಮೊಬೈಲ್ ಆ್ಯಪ್, ಕುಕ್ಕರ್ ಸೀಟಿ. ತೂಕ ಎತ್ತರ ಬರೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನ. ಮಗು ಯಾವ ಕೈಯಲ್ಲಿ ಮೊಟ್ಟೆ ಹಿಡಿಯಿತು ಅಂತ ಯಾರು ನೋಡುತ್ತಾರೆ? ಈಗ ನೋಡುತ್ತೇನೆ.

ಎರಡು ಜಡೆ · ಬೆಳಗ್ಗೆ 11:25

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗನಿಗೆ 4 ವರ್ಷ 2 ತಿಂಗಳು. ಎಲ್‌ಕೆಜಿ ಮಿಸ್ ಡೈರಿಯಲ್ಲಿ "ಪೆನ್ಸಿಲ್ ಹಿಡಿತ ಸರಿಯಿಲ್ಲ, ಸಣ್ಣ ಚಲನೆಗಳಲ್ಲಿ ಹಿಂದೆ" ಅಂತ ಬರೆದು ಕಳಿಸಿದ್ದಾರೆ. ದಿನಾ ನಾಲ್ಕು ಪುಟ ಅ ಆ ಇ ಈ ಬರೆಸಿ ಅಂತಾರೆ. ಅವನು ಪೆನ್ಸಿಲ್ ಬಿಸಾಡುತ್ತಾನೆ.

ಫಿಸಿಯೋ ಅಕ್ಕ · ಮಧ್ಯಾಹ್ನ 2:10

ಡೈರಿಯಲ್ಲಿ ಬರೆಯುವುದು ಸುಲಭ. ಮಗು ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೊನ್ನೆ ನೋಡಿ ಬರೆಯುತ್ತದೆ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಚೌಕ ಬರುವುದು ಐದರ ಹತ್ತಿರ, ತ್ರಿಕೋನ ಅದಕ್ಕಿಂತ ಸ್ವಲ್ಪ ಆಚೆ. ಈಗ "ಅ" ಅಕ್ಷರ ನೋಡಿ. ಎಷ್ಟು ಸುತ್ತು, ಎಷ್ಟು ತಿರುವು! ಚೌಕ ಬರೆಯಲಾಗದ ಕೈಗೆ ನಾಲ್ಕು ಪುಟ "ಅ" ಕೊಟ್ಟರೆ ಪೆನ್ಸಿಲ್ ಬಿಸಾಡದೆ ಇನ್ನೇನು ಮಾಡುತ್ತಾನೆ? ಮೂರು ಬೆರಳಲ್ಲಿ ಹಿಡಿದು ಬೆರಳನ್ನಷ್ಟೇ ಆಡಿಸುವ ಹಿಡಿತ ನಾಲ್ಕರಿಂದ ಆರು ವರ್ಷದೊಳಗೆ ಬರುತ್ತದೆ.

ಅವನು ಸೊನ್ನೆ, ಪ್ಲಸ್ ಬರೆಯುತ್ತಾನಾ? ಅಂಗಿ ಗುಂಡಿ ಬಿಚ್ಚುತ್ತಾನಾ? ತಾನೇ ಅನ್ನ ಕಲಸಿ ತಿನ್ನುತ್ತಾನಾ?

ಎರಡು ಜಡೆ · ಮಧ್ಯಾಹ್ನ 2:40

ಸೊನ್ನೆ, ಪ್ಲಸ್ ಬರುತ್ತದೆ. ಗುಂಡಿ ದೊಡ್ಡದಿದ್ದರೆ ಬಿಚ್ಚುತ್ತಾನೆ. ಅನ್ನ... ನಾನೇ ತಿನ್ನಿಸುತ್ತೇನೆ. ಶಾಲೆ ವ್ಯಾನ್ ಏಳೂಮುಕ್ಕಾಲಿಗೆ ಬರುತ್ತದೆ ಅಕ್ಕ.

ಮಂಡಿನೋವು ಅಜ್ಜಿ · ಮಧ್ಯಾಹ್ನ 3:00

ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಮುಂದಿಟ್ಟು ಹಿತುಕಲು ಕೂರಿಸು. ಹೆಬ್ಬೆರಳು ತೋರುಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ ಅಂತ ಹಾರುತ್ತದೆ. ನನ್ನ ಮೊಮ್ಮಕ್ಕಳು ಎದ್ದು ಹೋಗುವುದೇ ಇಲ್ಲ. ಅರ್ಧ ಬೇಳೆ ಗೋಡೆ ಮೇಲಿರುತ್ತದೆ, ಇರಲಿ.

ಫಿಸಿಯೋ ಅಕ್ಕ · ಮಧ್ಯಾಹ್ನ 3:12

ಅಜ್ಜಿ, ನಾನು ಇದಕ್ಕೇ ರಬ್ಬರ್ ಜೇಡಿಮಣ್ಣು ಅಂತ ದುಡ್ಡು ಕೊಟ್ಟು ತಂದಿಟ್ಟುಕೊಂಡಿದ್ದೇನೆ!

ಪಿಟಿ ಮೇಷ್ಟ್ರು · ಸಂಜೆ 6:20

ಶಾಲೆ ವಯಸ್ಸಿನ ಮಕ್ಕಳ ಮಾತು ಬಂದಿದ್ದರಿಂದ ನನ್ನದೊಂದು. ಮೂರರಿಂದ ಹತ್ತು ವರ್ಷದ ಮಕ್ಕಳಿಗೆ ಟಿಜಿಎಂಡಿ ಅನ್ನುವ, ಮೈಯ ದೊಡ್ಡ ಚಲನೆಗಳನ್ನು ಅಳೆಯುವ ಪರೀಕ್ಷೆ ಇದೆ, ಅಮೆರಿಕದ ಡೇಲ್ ಉಲ್ರಿಚ್ ಮಾಡಿದ್ದು. ಬಿ.ಪಿ.ಎಡ್. ಮುಗಿಸಿದ ಮೇಲೆ ಒಂದು ತರಬೇತಿಯಲ್ಲಿ ನೋಡಿದ್ದೆ. ಅದರ ಎರಡನೇ ಆವೃತ್ತಿಯಲ್ಲಿ 12 ಕೌಶಲ. ಆರು ಓಟ, ಕುಂಟು, ಜಿಗಿತದಂಥವು. ಆರು ಚೆಂಡಿನವು. ನನಗೆ ಇಷ್ಟ ಆಗಿದ್ದು ಒಂದು ವಿಷಯ. ಚೆಂಡು ಎಷ್ಟು ದೂರ ಹೋಯಿತು ಅಂತ ಅದು ಕೇಳುವುದಿಲ್ಲ. ಬಲಗೈಯಲ್ಲಿ ಎಸೆಯುವಾಗ ಎಡಗಾಲು ಮುಂದೆ ಬಂತಾ? ಬಂದರೆ 1, ಇಲ್ಲದಿದ್ದರೆ 0. ಹೀಗೆ ಒಂದೊಂದು ಕೌಶಲವನ್ನೂ ಬಿಡಿಸಿ ನೋಡುವುದು. ಫಿಸಿಯೋ ಮೇಡಂ ಹೇಳಿದ "ಹೇಗೆ ಮಾಡಿದಳು" ಅನ್ನುವುದೇ ಇಲ್ಲೂ ಇದೆ.

ತಕರಾರೂ ಇದೆ. ಅಲ್ಲಿನ ಒಂದು ಪರೀಕ್ಷೆ, ಕಂಬದ ಮೇಲಿಟ್ಟ ಚೆಂಡಿಗೆ ಬ್ಯಾಟಿನಿಂದ ಹೊಡೆಯುವುದು. ನಮ್ಮ ಹುಡುಗರು ಅಂಥ ಕಂಬವನ್ನೇ ನೋಡಿಲ್ಲ. ಲಗೋರಿಯಲ್ಲಿ ಕಲ್ಲಿನ ಗೋಪುರಕ್ಕೆ ಗುರಿ ಇಡುವವನು, ಕುಂಟೆಬಿಲ್ಲೆಯಲ್ಲಿ ಒಂಟಿಕಾಲಲ್ಲಿ ಎಂಟು ಮನೆ ದಾಟುವವಳು ಅಲ್ಲಿ ಕಡಿಮೆ ಅಂಕ ತೆಗೆಯಬಹುದು. ನಾನು ಒಂದನೇ ಕ್ಲಾಸಿನವರಿಗೆ ಜೂನ್‌ನಲ್ಲಿ ಒಂದು ಸಲ, ಜನವರಿಯಲ್ಲಿ ಒಂದು ಸಲ ಕುಂಟೆಬಿಲ್ಲೆ ಆಡಿಸಿ ಬರೆದಿಟ್ಟುಕೊಳ್ಳುತ್ತೇನೆ. ಎರಡೂ ಕಾಲಲ್ಲಿ ಆಡಿಸುತ್ತೇನೆ. ಒಬ್ಬನಿಗೆ ಇನ್ನೊಬ್ಬನ ಜೊತೆ ಹೋಲಿಕೆ ಇಲ್ಲ, ಅವನ ಜೂನ್‌ಗೆ ಅವನ ಜನವರಿ.

ಬೇ ಏರಿಯಾ ಅಪ್ಪ · ಬುಧವಾರ, ಬೆಳಗ್ಗೆ 9:00

ಗುಬ್ಬಚ್ಚಿ ಅಮ್ಮ, ನಾನು ಮೊದಲು "ಇನ್ನೊಂದು ತಿಂಗಳು ನೋಡಿ" ಅಂದಿದ್ದು ತಪ್ಪು. ಪಟ್ಟಿ ಓದಿದೆ, ನಿಮ್ಮ ಪೋಸ್ಟ್ ಸರಿಯಾಗಿ ಓದಲಿಲ್ಲ. ಅಂದಹಾಗೆ ವಾಕರ್‌ನಲ್ಲಿ ಕೂರಿಸುತ್ತಿದ್ದರೆ ನಿಲ್ಲಿಸಿ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ.

ಅಡಿಕೆ ತೋಟ · ಬೆಳಗ್ಗೆ 9:22

ನಮ್ಮ ಮನೇಲಿ ಚನ್ನಪಟ್ಟಣದ ಮೂರು ಗಾಲಿ ಮರದ ಗಾಡಿ ಇತ್ತು. ಅದೂ ಬೇಡ್ವಾ?

ಫಿಸಿಯೋ ಅಕ್ಕ · ಬೆಳಗ್ಗೆ 9:48

ಅದು ಬೇರೆ. ಕೂತು ತೇಲಿಸುವ ವಾಕರ್‌ನಲ್ಲಿ ಮಗು ತನ್ನ ಭಾರ ತಾನು ಹೊರುವುದಿಲ್ಲ, ತುದಿಗಾಲಲ್ಲಿ ನೂಕುತ್ತದೆ, ಮೆಟ್ಟಿಲ ಹತ್ತಿರ ಹೋದರೆ ಕೆಟ್ಟ ಗಾಯ. ಮರದ ಗಾಡಿಯಲ್ಲಿ ಮಗು ತಾನೇ ನಿಂತು ತಳ್ಳುತ್ತದೆ. ಎದ್ದು ನಿಲ್ಲುವ ಮಗುವಿಗೆ, ನೀವು ಪಕ್ಕದಲ್ಲಿದ್ದರೆ, ಪರವಾಗಿಲ್ಲ.

ಇದೇ ಹೊತ್ತಿಗೆ ಇನ್ನೆರಡು ಮಾತು ಹೇಳಿಬಿಡುತ್ತೇನೆ, ಇಲ್ಲಿ ಓದುವವರು ಜಾಸ್ತಿ ಇದ್ದಾರೆ. ಮಗು ಕಲಿತಿದ್ದನ್ನು ಕಳೆದುಕೊಳ್ಳುತ್ತಾ ಬಂದರೆ, ಅಂದರೆ ಕೂರುತ್ತಿದ್ದದ್ದು ಕೂರದಾದರೆ, ಯಾವ ಪಟ್ಟಿಯನ್ನೂ ನೋಡಬೇಡಿ, ಅದೇ ವಾರ ಹೋಗಿ. ಇನ್ನೊಂದು, ಗಂಡುಮಕ್ಕಳದು. ತಡವಾಗಿ ನಡೆದು, ಮೂರು ನಾಲ್ಕು ವರ್ಷಕ್ಕೂ ಪದೇಪದೇ ಬಿದ್ದು, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈಯೂರಿ ಹತ್ತಿಕೊಂಡ ಹಾಗೆ ಏಳುತ್ತಿದ್ದರೆ, ಮೀನಖಂಡ ದಪ್ಪಗೆ ಕಂಡರೆ, "ಗಟ್ಟಿ ಕಾಲು" ಅಂತ ಖುಷಿಪಡಬೇಡಿ. ಡಾಕ್ಟರಿಗೆ ತೋರಿಸಿ ಸಿಕೆ ಅನ್ನುವ ರಕ್ತ ಪರೀಕ್ಷೆ ಬೇಕಾ ಅಂತ ಕೇಳಿ. ಅದು ಸ್ನಾಯುವಿನ ಕಾಯಿಲೆಯ ಗುರುತಾಗಿರಬಹುದು.

ಗುಬ್ಬಚ್ಚಿ ಅಮ್ಮ · ಮೂರು ವಾರದ ನಂತರ, ಗುರುವಾರ ರಾತ್ರಿ 10:20

ಹೋಗಿ ಬಂದೆವು. ಎರಡು ಸಲ. ಅತ್ತೆಯೂ ಬಂದಿದ್ದರು.

ಮೊದಲ ದಿನ ಫಿಸಿಯೋ ಒಬ್ಬರು ಒಂದು ಹಾಳೆ ಇಟ್ಟುಕೊಂಡು ನೋಡಿದರು. ತಿರುವನಂತಪುರದಲ್ಲಿ ಮಾಡಿದ ಚಾರ್ಟ್ ಅಂತೆ, ಎರಡು ವರ್ಷದವರೆಗೆ 17 ಅಂಶ. ಮಗುವಿನ ವಯಸ್ಸಿನ ಜಾಗದಲ್ಲಿ ಪೆನ್ಸಿಲ್ ಅನ್ನು ನೆಟ್ಟಗೆ ಇಟ್ಟರು. ಅದರ ಎಡಕ್ಕೆ ಬಿದ್ದಿದ್ದನ್ನೆಲ್ಲ ಮಗು ಮಾಡಿರಬೇಕು. ಐದು ನಿಮಿಷದ ಕೆಲಸ. ಇವಳು ಎಲ್ಲದರಲ್ಲೂ ಪಾಸ್! ನಾನು ನಿಟ್ಟುಸಿರು ಬಿಟ್ಟೆ. ಅಕ್ಕ ಹೇಳಿದ್ದೇ ನೆನಪಾಗಿ ವಿಡಿಯೋ ತೋರಿಸಿದೆ, ಎಡಗೈ ವಿಷಯ ಹೇಳಿದೆ. ಅವರು ಹಾಳೆ ಪಕ್ಕಕ್ಕಿಟ್ಟು, ನೆಲದ ಮೇಲೆ ಕೂತು, ಇವಳನ್ನು ಅರ್ಧ ಗಂಟೆ ಆಡಿಸಿದರು.

ಎರಡನೇ ದಿನ ಮಕ್ಕಳ ಡಾಕ್ಟರ್ ಹ್ಯಾಮರ್‌ಸ್ಮಿತ್ ಅನ್ನುವ ನರಗಳ ಪರೀಕ್ಷೆ ಮಾಡಿದರು. 26 ಅಂಶ, ಒಟ್ಟು 78 ಅಂಕ. ಎಡ, ಬಲ ಬೇರೆಬೇರೆ ಬಂದರೆ ಅದನ್ನೂ ಗುರುತು ಹಾಕಿಕೊಳ್ಳುತ್ತಾರೆ. ಇವಳ ಹಾಳೆಯಲ್ಲಿ ಆ ಗುರುತುಗಳೇ ಜಾಸ್ತಿ. ಬಲಗೈ, ಬಲಗಾಲು ಸ್ವಲ್ಪ ಬಿಗಿ. ತಳ್ಳಿದಾಗ ಎಡಗೈ ಊರುತ್ತಾಳೆ, ಬಲಗೈ ಊರುವುದು ತಡ. ಎಂಆರ್‌ಐಗೆ ಬರೆದುಕೊಟ್ಟಿದ್ದಾರೆ, ಮುಂದಿನ ತಿಂಗಳು ದಿನ ಸಿಕ್ಕಿದೆ. ಒಂದು ಬದಿಯ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಪೆಟ್ಟಿನಿಂದ ಕೈಕಾಲಿನ ಚಲನೆಗೆ ಬರುವ ತೊಂದರೆ ಇರಬಹುದು, ಆದರೆ ಸೌಮ್ಯ ಅಂದರು. ನಡೆಯುತ್ತಾಳಾ ಅಂತ ಕೇಳಿದೆ. "ನಡೆಯುತ್ತಾಳೆ ಅಮ್ಮ, ನಮ್ಮ ಕೆಲಸ ಇರುವುದು ಕೈಯದು" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತೆ ಒಂದೂ ಮಾತಾಡಲಿಲ್ಲ. ಮನೆಗೆ ಬಂದು, ಗೆಜ್ಜೆ ಬಿಚ್ಚುವುದು ಬೇಡ, ಬಲಗಾಲಿನದು ಘಲ್ ಅನ್ನುವ ದಿನ ನನಗೇ ಮೊದಲು ಗೊತ್ತಾಗಬೇಕು ಅಂದರು.

ಫಿಸಿಯೋ ಅಕ್ಕ · ರಾತ್ರಿ 10:41

ಒಳ್ಳೆಯವರ ಕೈಗೆ ಸಿಕ್ಕಿದ್ದೀರಿ. ಹಾಳೆ ಪಕ್ಕಕ್ಕಿಟ್ಟರಲ್ಲ, ಅಲ್ಲೇ ಗೊತ್ತಾಯಿತು. ಮನೆಯಲ್ಲಿ ಏನು ಮಾಡಲು ಹೇಳಿದ್ದಾರೆ?

ಗುಬ್ಬಚ್ಚಿ ಅಮ್ಮ · ರಾತ್ರಿ 10:58

ದಿನಾ ಅರ್ಧ ಗಂಟೆ ಎಡಗೈಗೆ ಚೀಲ ಹಾಕಿ, ಬಲಗೈಯಲ್ಲೇ ಆಡಿಸಬೇಕಂತೆ. ಆಮೇಲೆ ಎರಡೂ ಕೈ ಬೇಕಾಗುವ ಆಟ. ದೊಡ್ಡ ಚೆಂಡು, ಡಬ್ಬಿ ಮುಚ್ಚಳ, ಚಪ್ಪಾಳೆ. ಎರಡು ವಾರಕ್ಕೊಮ್ಮೆ ಹೋಗಿ ತೋರಿಸಬೇಕು. ಕಷ್ಟ ಇರುವುದು ಚೀಲದ್ದು. ಸಾಕ್ಸ್ ಹಾಕಿದರೆ ಹಲ್ಲಲ್ಲಿ ಕಚ್ಚಿ ಎಳೆದು ಬಿಸಾಡುತ್ತಾಳೆ. ಅಂಗಡಿಯಲ್ಲಿ ಸಿಗುವ ಹಸುಗೂಸಿನ ಕೈಚೀಲ ಚಿಕ್ಕದಾಗುತ್ತದೆ. ಯಾರಿಗಾದರೂ ಉಪಾಯ ಗೊತ್ತಾ?

ಮಂಡಿನೋವು ಅಜ್ಜಿ · ಶುಕ್ರವಾರ, ಬೆಳಗ್ಗೆ 5:50

ಹಳೇ ಕಾಟನ್ ಲಂಗದ ಬಟ್ಟೆ ತಗೋ. ಮೊಣಕೈ ತನಕ ಬರುವ ಹಾಗೆ ಉದ್ದಕ್ಕೆ ಹೊಲಿ. ಲಾಡಿಯನ್ನು ಮೊಣಕೈ ಮೇಲೆ, ಹಿಂದುಗಡೆ ಕಟ್ಟು. ಬಿಗಿಯಾಗಿ ಬೇಡ. ಬಾಯಿಗೆ ಸಿಗದಿದ್ದರೆ ಬಿಚ್ಚಲು ಆಗಲ್ಲ. ಬೆರಳ ಹತ್ತಿರ ಗುಬ್ಬಚ್ಚಿ ಕಣ್ಣು, ಕೊಕ್ಕು ಹೊಲಿ. ಕೈಚೀಲ ಅನ್ನಬೇಡ, ಗುಬ್ಬಚ್ಚಿ ಮಲಗಿದೆ ಅನ್ನು.

ಗುಬ್ಬಚ್ಚಿ ಅಮ್ಮ · ಶನಿವಾರ, ಸಂಜೆ 7:30

ಅಜ್ಜಿ, ಹೊಲಿದೆ. ಹನ್ನೆರಡು ನಿಮಿಷ ಇಟ್ಟುಕೊಂಡಳು. ಬಲಗೈಯಲ್ಲಿ ಮೂರು ಕಡಲೆಪುರಿ ಎತ್ತಿದಳು, ಬೆರಳಲ್ಲಿ ಅಲ್ಲ, ಅಂಗೈಯಲ್ಲಿ ಬಾಚಿಕೊಂಡು. ನಾಲ್ಕನೆಯದಕ್ಕೆ ತಾಳ್ಮೆ ಕೆಟ್ಟು, ತಟ್ಟೆಗೇ ಬಾಯಿ ಹಾಕಿಬಿಟ್ಟಳು.